ಬ್ರಿಜಿದಾ ಮಡಿಲಲ್ಲಿಟ್ಟ ಜಾಡಿ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಓದುವವರು ಕ್ಷಮಿಸಬೇಕು. ಪೇಶಾ ಪಟ್ಟಣದ ಸನ್ಯಾಸಿನಿಯರ ಶಾಲೆಯನ್ನು ನಡುವಿನಲ್ಲೇ ಬಿಟ್ಟು ಬಂದವಳು ನಾನು, ದೊಡ್ಡ ಮಾತು ಬರೆಯಲು ಬರುವುದಿಲ್ಲ. ಕಲ್ಲಿನ ನಡುವೆ ಕಾಳು ಆರಿಸುವ ಹಾಗೆ ಒಂದೊಂದೇ ಮಾತು ಆರಿಸಿ ಇಟ್ಟಿದ್ದೇನೆ. ಇದು ನಮ್ಮೂರಿನ ಬ್ರಿಜಿದಾಳ ಕತೆ. ನಾನು ಹುಟ್ಟುವ ಮೊದಲು ನಡೆದದ್ದು. ಅರ್ಧ ಅವಳೇ ಹೇಳಿದಳು, ಉಳಿದರ್ಧ ಗಿರಣಿ ಮನೆಯ ಒರ್ಸೊಲಾ, ಎಂದರೆ ನನ್ನ ಅಜ್ಜಿ ಹೇಳಿದಳು. ಇಬ್ಬರ ಮಾತು ಕೂಡದ ಕಡೆಯಲ್ಲಿ ಬ್ರಿಜಿದಾಳ ಮಾತನ್ನೇ ಬರೆದಿದ್ದೇನೆ, ಅನುಭವಿಸಿದವಳು ಅವಳಾದ್ದರಿಂದ.

ಬ್ರಿಜಿದಾಳ ಮನೆ ಊರಿನ ಕೊನೆಯಲ್ಲಿ, ಹೊಳೆ ತಿರುವು ತೆಗೆದುಕೊಳ್ಳುವ ಕಡೆ ಇತ್ತು. ಅದರಾಚೆ ಮನೆಯಿಲ್ಲ, ಜೊಂಡು ಮಾತ್ರ. ಗಂಡ ಸುಣ್ಣದ ಗೂಡಿನ ಕೆಲಸಕ್ಕೆ ಹೋದವನು ಕತ್ತೆಗಾಡಿಯಲ್ಲಿ ಹೆಣವಾಗಿ ಬಂದ. ಮಕ್ಕಳಾಗಿರಲಿಲ್ಲ. ಮನೆಗೆಲ್ಲ ಅವಳೊಬ್ಬಳು, ಹಿಂದಿನ ಕೊಟ್ಟಿಗೆಯಲ್ಲಿ ಒಂದು ಹಸು. ಚಳಿ ಕಾಲಿಡುವ ಸಂತ ಮಾರ್ತಿನನ ಹಬ್ಬದ ಹೊತ್ತಿಗೆ ಆ ಹಸುವೂ ಕಷ್ಟಪಟ್ಟು ಈದು ಸತ್ತಿತು, ಕರು ಉಳಿಯಿತು. ಪಕ್ಕದೂರಿನಿಂದ ಮೇಕೆ ಹಾಲು ಬೇಡಿ ತಂದು, ಬಟ್ಟೆಯ ತುದಿ ಅದ್ದಿ ಚೀಪಿಸಿ ಅದನ್ನು ಬದುಕಿಸಿದಳು. ಬಿಳಿ ಕರು, ಹಬ್ಬದ ಹೆಸರನ್ನೇ ಇಟ್ಟು ಮಾರ್ತಿನೊ ಎಂದು ಕರೆದಳು. ಚಳಿಗಾಲವೆಲ್ಲ ಅದು ಅಡುಗೆಮನೆಯಲ್ಲೇ ಒಲೆಯ ಪಕ್ಕ ಮಲಗಿತು. ಅವಳು ಗಟ್ಟಿಯಾಗಿ ಮಾತಾಡುತ್ತಿದ್ದದ್ದು ಅದರ ಜೊತೆ ಮಾತ್ರ.

ಆದರೆ ವರ್ಷದಲ್ಲಿ ಕೆಲವು ವಾರ ಬ್ರಿಜಿದಾ ಊರಿಗೆಲ್ಲ ಬೇಕಾದವಳಾಗುತ್ತಿದ್ದಳು.

ರೇಷ್ಮೆ ಹುಳುವಿನ ಮೊಟ್ಟೆಗೆ ನಮ್ಮಲ್ಲಿ ಬಿತ್ತನೆ ಎನ್ನುತ್ತಾರೆ. ಹೋದ ಬೇಸಿಗೆಯಲ್ಲಿ ಚಿಟ್ಟೆಗಳು ಬಟ್ಟೆಯ ಮೇಲೆ ಇಟ್ಟದ್ದನ್ನು ಚಳಿಗಾಲವೆಲ್ಲ ತಣ್ಣಗೆ ಕಾಪಾಡಿ, ವಸಂತ ಬಂದಾಗ ದ್ರಾಕ್ಷಾರಸದಲ್ಲಿ ತೊಳೆದು, ಬೆರಳುದ್ದದ ಚೀಲಕ್ಕೆ ತುಂಬುತ್ತಾರೆ. ಆ ಚೀಲವನ್ನು ಹೆಂಗಸು ರವಿಕೆಯೊಳಗೆ, ಎದೆಗೆ ಒತ್ತಿದ ಹಾಗೆ ಕಟ್ಟಿಕೊಳ್ಳುತ್ತಾಳೆ. ಮೈಯ ಬಿಸಿಗೆ ಬಿತ್ತನೆ ಒಡೆಯುವ ಹೊತ್ತಿಗೂ ಹಿಪ್ಪುನೇರಳೆ ಚಿಗುರುವ ಹೊತ್ತಿಗೂ ಸರಿಹೋಗಬೇಕು. ಅಲ್ಲಿಯವರೆಗೆ ಓಡುವಂತಿಲ್ಲ, ಭಾರ ಎತ್ತುವಂತಿಲ್ಲ, ಬೋರಲು ಮಲಗುವಂತಿಲ್ಲ.

ಉಳಿದ ಮನೆಗಳ ಹೆಂಗಸರಿಗೆ ಇದು ಆಗದ ಮಾತು. ಎದೆಯಲ್ಲಿ ಹಾಲು ಕುಡಿಯುವ ಕೂಸು, ಮಗ್ಗುಲಲ್ಲಿ ಗಂಡ, ಚೀಲ ಜಜ್ಜಿಹೋಗುತ್ತಿತ್ತು. ಹಾಗಾಗಿ ಊರಿನ ಬಿತ್ತನೆಯೆಲ್ಲ ಬ್ರಿಜಿದಾಳ ಎದೆಗೆ ಬರುತ್ತಿತ್ತು. ಯಾವ ಚೀಲ ಯಾರದೆಂದು ತಿಳಿಯಲು ಒಂದೊಂದು ಮನೆಯವರು ಒಂದೊಂದು ಬಣ್ಣದ ದಾರದಲ್ಲಿ ಹೊಲಿದು ಕೊಡುತ್ತಿದ್ದರು. ಗಿರಣಿ ಮನೆಯದು ಕೆಂಪು.

"ದೇವ್ರು ನಿಂಗೆ ಎದೆ ಖಾಲಿ ಇಟ್ಟಿದ್ದೇ ಇದಕ್ಕೆ ಕಣೇ ಕೊಮಾರೆ," ಎಂದು ಒರ್ಸೊಲಾ ಚೀಲ ಕಟ್ಟುತ್ತಾ ನಗುತ್ತಿದ್ದಳು. ಒಬ್ಬರ ಮಗುವಿಗೆ ಇನ್ನೊಬ್ಬರು ಧರ್ಮದ ತಾಯಿಯಾದರೆ ಕೊಮಾರೆ ಎನ್ನುತ್ತಾರೆ. ನಮ್ಮೂರಿನಲ್ಲಿ ಹಾಗೆ ತಾಯಿಯಾಗದ ಗೆಳತಿಯರಿಗೂ ಅನ್ನುತ್ತಾರೆ.

ಬ್ರಿಜಿದಾಳೂ ನಗುತ್ತಿದ್ದಳು. ಆ ವಾರಗಳಲ್ಲಿ ಅವಳ ಬಾಗಿಲು ಮುಚ್ಚುತ್ತಿರಲಿಲ್ಲ. ಹೊಲಕ್ಕೆ ಹೋಗುವವರು, ಹೊಳೆಗೆ ಬಟ್ಟೆ ಒಗೆಯಲು ಹೋಗುವವರು ಎಲ್ಲರೂ ಒಂದು ಗಳಿಗೆ ನಿಲ್ಲುತ್ತಿದ್ದರು. "ಹೇಗಿದೀಯೇ? ನಿದ್ದೆ ಬಂತಾ? ಮೈ ಬೆಚ್ಚಗಿದೆ ತಾನೆ?" ಒಬ್ಬಳು ಹುರುಳಿಕಾಯಿಯ ಸಾರು ತಂದರೆ ಇನ್ನೊಬ್ಬಳು ಕಾಡಿನ ಕಸ್ತಾನ್ಯ ಮರದ ಕಾಯಿ ಬೀಸಿದ ಹಿಟ್ಟಿನ ಬಿಸಿ ರೊಟ್ಟಿ ತರುತ್ತಿದ್ದಳು. ಕೇಳುತ್ತಿದ್ದದ್ದು ಚೀಲದ ಯೋಗಕ್ಷೇಮ ಎಂದು ಅವಳಿಗೆ ಗೊತ್ತಿತ್ತು. ಆದರೂ ಕೇಳುವಾಗ ನೋಡುತ್ತಿದ್ದದ್ದು ಅವಳ ಮುಖವನ್ನೇ. ಬಿತ್ತನೆ ಒಡೆದ ದಿನ ಎಲ್ಲರೂ ಬಂದು ತಮ್ಮ ತಮ್ಮ ಚೀಲ ಬಿಚ್ಚಿಕೊಂಡು ಹೋಗುತ್ತಿದ್ದರು. ಆಮೇಲೆ ಹುಳು ಸಾಕುವ ಗಡಿಬಿಡಿ. ಮುಂದಿನ ವಸಂತದವರೆಗೆ ಅವಳ ಹೊಸ್ತಿಲು ತುಳಿಯುವವರಿಲ್ಲ.

ಕರು ಹುಟ್ಟಿದ ಮರು ವಸಂತದಲ್ಲಿ, ಚೀಲ ಕಟ್ಟಿಕೊಂಡ ಸ್ವಲ್ಪ ದಿನಕ್ಕೇ ಅವಳಿಗೆ ಜ್ವರ ಬಂತು.

ಹೇಳಬೇಕಿತ್ತು. ಹೇಳಿದ್ದರೆ ಅಂದೇ ಚೀಲ ಬಿಚ್ಚಿ ಇನ್ನೊಬ್ಬರಿಗೆ ಕಟ್ಟುತ್ತಿದ್ದರು, ಅವಳ ಬಾಗಿಲು ಮುಚ್ಚುತ್ತಿತ್ತು. ಇಂದು ಬಿಟ್ಟೀತು, ನಾಳೆ ಬಿಟ್ಟೀತು ಎಂದುಕೊಂಡಳು. ಯಾರಾದರೂ ಬಂದರೆ ಕೆನ್ನೆ ಕೆಂಪಾದದ್ದು ಕಾಣದ ಹಾಗೆ ಒಲೆಗೆ ಮುಖ ಮಾಡಿ ಕೂರುತ್ತಿದ್ದಳು. "ಮೈ ಬೆಚ್ಚಗಿದೆ ತಾನೆ?" ಎಂದರೆ "ಬೆಚ್ಚಗಿದೆ" ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ.

ಒಂದು ಬೆಳಿಗ್ಗೆ ಎದೆಯ ಮೇಲೆ ಏನೋ ಹರಿದ ಹಾಗಾಯಿತು. ರವಿಕೆ ಬಿಚ್ಚಿ ನೋಡಿದರೆ ಚೀಲದ ಹೊಲಿಗೆ ಹೊಲಿಗೆಯಿಂದಲೂ ಆಗಷ್ಟೇ ಮೊಟ್ಟೆಯೊಡೆದ, ಇರುವೆಗಿಂತ ಸಣ್ಣ ಕಪ್ಪು ಚಾಕಿ ಹುಳು ಹೊರಬರುತ್ತಿದ್ದವು. ಅವಳು ಹಾಗೆಯೇ ಬಾಗಿಲಿಗೆ ಬಂದು ಹಿಪ್ಪುನೇರಳೆ ಸಾಲನ್ನು ನೋಡಿದಳು. ಬರಿಯ ಕೋಲು. ಎಲ್ಲೂ ಒಂದು ಹಸಿರು ಚುಕ್ಕೆಯಿಲ್ಲ.

ಊರಿನವರು ಓಡಿ ಬಂದು ತಮ್ಮ ತಮ್ಮ ಹುಳು ಒಯ್ದು ಅವರೆ ಗಿಡದ ಕುಡಿ ಹಾಕಿದರು, ಲೆಟ್ಯೂಸ್ ಸೊಪ್ಪು ಹಾಕಿದರು. ಹುಳು ಮೂಸಲೂ ಇಲ್ಲ. ತಟ್ಟೆಗಳ ಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಸತ್ತು ಬಿದ್ದವು. ಒಂದು ಮನೆಯಲ್ಲೂ ಒಂದು ಹುಳು ಉಳಿಯಲಿಲ್ಲ. ಅಜ್ಜಿಯರ ಕಾಲದಿಂದ ಇಳಿದು ಬಂದ ಬಿತ್ತನೆಯ ವಂಶ ಅಲ್ಲಿಗೆ ನಿಂತಿತು.

"ಜ್ವರ ಅಂತ ಒಂದ್ ಮಾತು!" ಒರ್ಸೊಲಾ ಅವಳ ಅಂಗಳದಲ್ಲಿ ನಿಂತು ಕೂಗಿದಳು. "ಒಂದೇ ಒಂದ್ ಮಾತು! ಬಾಯಿಗೆ ಬೀಗ ಜಡಿದಿದ್ರಾ?"

"ಹೇಳಿದ್ರೆ ಚೀಲ ತಗೊಂಡ್ ಹೋಗ್ತಿದ್ರಿ."

"ಹೌದು, ತಗೊಂಡ್ ಹೋಗ್ತಿದ್ವಿ! ಅದಕ್ಕೇ ಕಣೇ ಹೇಳ್ಬೇಕಾಗಿದ್ದು!"



ಇನ್ನು ಏನು ಮಾಡುವುದೆಂದು ಊರು ಚರ್ಚಿನ ಮೆಟ್ಟಿಲ ಮೇಲೆ ಕೂತಿತು. ಪರವೂರಿನ ಬಿತ್ತನೆ ತಂದರೆ ಕಾಯಿಲೆಯೂ ಜೊತೆಗೆ ಬರುತ್ತದೆ ಎಂದು ನಮ್ಮವರ ನಂಬಿಕೆ. ಆಗ ಕಟುಕ ತಾದ್ದೆಯೊ ಬಾಯಿ ಬಿಟ್ಟ.

"ಒಂದ್ ದಾರಿ ಇದೆ. ನಮ್ಮಜ್ಜ ಹೇಳ್ತಿದ್ದ. ಒಂದ್ ಕರುಗೆ ಬೇರೇನೂ ಕೊಡ್ದೆ ಬರೀ ಹಿಪ್ಪುನೇರಳೆ ಸೊಪ್ಪೇ ತಿನ್ಸ್‌ಬೇಕು. ಮೈಯೆಲ್ಲ ಸೊಪ್ಪೇ ಆಗ್ಬೇಕು. ಆಮೇಲೆ ಕೊಂದು, ನೆರಳಲ್ಲಿ ಕೊಳೆಯೋಕೆ ಬಿಡೋದು. ಆ ಮಾಂಸದಿಂದ ತಾನಾಗೇ ರೇಷ್ಮೆ ಹುಳ ಏಳುತ್ತೆ."

"ನಿಮ್ಮಜ್ಜ ಮಾಡಿ ನೋಡಿದ್ನಾ?" ಎಂದು ಯಾರೋ ಕೇಳಿದರು.

"ಅವನ ಹತ್ರ ಕರು ಎಲ್ಲಿತ್ತು?"

ನಗು ಬಂತು. ಆದರೆ ನಗು ನಿಂತ ಮೇಲೂ ಯಾರೂ ಮೆಟ್ಟಿಲಿಂದ ಏಳಲಿಲ್ಲ. ಮಾಂಸ ಕೊಳೆತರೆ ಹುಳ ಏಳುವುದನ್ನು ಎಲ್ಲರೂ ಕಂಡವರೇ. ಮಾಂಸದಿಂದ ಮಾಂಸದ ಹುಳ ಏಳುವುದಾದರೆ ಹಿಪ್ಪುನೇರಳೆ ಮಾಂಸದಿಂದ ಹಿಪ್ಪುನೇರಳೆ ಹುಳು ಯಾಕೆ ಏಳಬಾರದು? ಒಬ್ಬೊಬ್ಬರಾಗಿ ಬ್ರಿಜಿದಾಳ ಕಡೆ ತಿರುಗಿದರು. ಊರಿನಲ್ಲಿ ಆಗ ಕರುವಿದ್ದದ್ದು ಅವಳೊಬ್ಬಳ ಮನೆಯಲ್ಲೇ.

"ಆಗ್ಲಿ," ಎಂದಳು. ಅಷ್ಟೇ ಎಂದಳಂತೆ.

ನಡುಬೇಸಿಗೆಯ ಸಂತ ಜೊವಾನ್ನಿಯ ಹಬ್ಬಕ್ಕೆ ತಾದ್ದೆಯೊ ಕತ್ತಿ ತರುವುದೆಂದು ಮಾತಾಯಿತು. ಅಲ್ಲಿಯವರೆಗೆ ಅವಳು ಸೊಪ್ಪು ತಿನ್ನಿಸಬೇಕು.

ಚಿಗುರು ಬಂತು, ಎಲೆ ಅಗಲವಾಯಿತು. ಹುಳುವಿಲ್ಲದ ಊರಿನಲ್ಲಿ ಸೊಪ್ಪಿಗೆ ಬರವಿರಲಿಲ್ಲ. ಮಾರ್ತಿನೊಗೆ ಇಷ್ಟು ಒಳ್ಳೆಯ ಊಟ ಎಂದೂ ಸಿಕ್ಕಿರಲಿಲ್ಲ. ಮೈ ತುಂಬಿಕೊಂಡಿತು, ಬಿಳಿ ಕೂದಲು ಮಿರುಗಿತು. ಬುಟ್ಟಿ ತಂದು ಇಟ್ಟರೆ ಮೊದಲು ಅವಳ ಕೈ ನೆಕ್ಕಿ ಆಮೇಲೆ ಸೊಪ್ಪಿಗೆ ಬಾಯಿ ಹಾಕುತ್ತಿತ್ತು. ಬ್ರಿಜಿದಾ ಅದರ ಜೊತೆ ಮಾತು ಕಡಿಮೆ ಮಾಡಿದಳು.

ಆ ದಿನಗಳಲ್ಲೇ ಪೇಶಾದ ವೈದ್ಯ ಅಸ್ಕಾನಿಯೊ, ಊರವರ ಬಾಯಲ್ಲಿ ದೊತ್ತೋರೆ, ಹೇಸರಗತ್ತೆಯ ಮೇಲೆ ಬುಟ್ಟಿ ಹೇರಿಕೊಂಡು ಅವಳ ಮನೆಗೆ ಬಂದ. ಬುಟ್ಟಿಯಲ್ಲಿ ಹುಲ್ಲು, ಹುಲ್ಲಿನೊಳಗೆ ಅಗಲ ಬಾಯಿಯ ಗಾಜಿನ ಜಾಡಿಗಳು.

"ಮೊನ್ನಾ ಬ್ರಿಜಿದಾ, ನಿಮ್ಮ ಕೊಟ್ಟಿಗೇಲಿ ಒಂದ್ ಮೂಲೆ ಬೇಕಿತ್ತು," ಎಂದು ಮೊನ್ನಾ ಸೇರಿಸಿ ಮರ್ಯಾದೆಯಿಂದ ಕೇಳಿದ. "ಮಾಂಸ ಕೊಳೆಸ್ಬೇಕು. ನಮ್ಮನೇಲಿ ಮಾಡೋಣ ಅಂದ್ರೆ, ಅಡುಗೆಯವಳು 'ಜಾಡಿ ಇರ್ಬೇಕು, ಇಲ್ಲಾ ನಾನಿರ್ಬೇಕು' ಅಂತ ಸೌಟು ಕೆಳಗಿಟ್ಲು. ಅವಳ ಕೈ ಊಟ ಬಿಟ್ಟು ನಾನು ಬದುಕೋನಲ್ಲ. ಅದಕ್ಕೇ, ಯಾರೂ ಬರದ ಮನೆ ಯಾವ್ದು ಅಂತ ಊರಲ್ಲಿ ಕೇಳ್ದೆ. ಎಲ್ರೂ ನಿಮ್ಮನೇನೇ ತೋರ್ಸಿದ್ರು."

ಹೇಳಿಬಿಟ್ಟ ಮೇಲೆ ಅವನಿಗೆ ತಾನು ಆಡಿದ್ದೇನೆಂದು ಅರಿವಾಯಿತು, ಕೆಮ್ಮಿದ.

"ಸರಿಯಾಗೇ ತೋರ್ಸಿದಾರೆ, ದೊತ್ತೋರೆ. ಒಳಗೆ ಬನ್ನಿ," ಎಂದಳು ಬ್ರಿಜಿದಾ.

ಅವನು ಹಾವು, ಹೊಳೆಮೀನು, ಪೇಶಾದಿಂದ ತಂದ ಕರುವಿನ ಮಾಂಸ ಇವನ್ನು ಬೇರೆ ಬೇರೆ ಜಾಡಿಗೆ ಹಾಕಿದ. ಕೆಲವಕ್ಕೆ ಬಾಯಿ ತೆರೆದೇ ಬಿಟ್ಟ, ಕೆಲವಕ್ಕೆ ಕಾಗದ ಹೊದಿಸಿ ದಾರ ಬಿಗಿದ. ಯಾತಕ್ಕೆಂದು ಅವಳು ಕೇಳಿದಳು.

"ಮಾಂಸ ತಾನಾಗೇ ಹುಳ ಹುಟ್ಸುತ್ತೋ, ಇಲ್ಲಾ ನೊಣ ಬಂದು ಮೊಟ್ಟೆ ಇಟ್ಟು ಹೋಗುತ್ತೋ, ಅದನ್ನ ನೋಡೋಕೆ. ಫ್ಲಾರೆನ್ಸಿನಲ್ಲಿ ಓದಿದ ದೊಡ್ಡೋರು ಮಾಡಿ ನೋಡಿದಾರಂತೆ. ನಂಗೆ ಅಂತೆ ಕಂತೆ ಸಾಲ್ದು ಮೊನ್ನಾ, ಕಣ್ಣಲ್ಲಿ ಕಾಣ್ಬೇಕು."

ಅವನಿಗೆ ಅದು ನೋಡುವ ಆಸೆ ಮಾತ್ರ. ಅವಳಿಗೆ ಹಾಗಲ್ಲ. ಮುಚ್ಚಿದ ಜಾಡಿಯಲ್ಲಿ ಹುಳ ಎದ್ದರೆ ತಾದ್ದೆಯೊನ ಅಜ್ಜನ ಮಾತು ನಿಜ: ಮಾರ್ತಿನೊ ಸಾಯುತ್ತದೆ, ಊರಿಗೆ ಬಿತ್ತನೆ ಬರುತ್ತದೆ, ಅವಳ ತಪ್ಪು ತೊಳೆದುಹೋಗುತ್ತದೆ. ಏಳದಿದ್ದರೆ ಕರು ಉಳಿಯುತ್ತದೆ, ತಪ್ಪೂ ಉಳಿಯುತ್ತದೆ.

ತೆರೆದ ಜಾಡಿಗಳಲ್ಲಿ ಬೇಗನೆ ಹುಳ ಮಿಜಿಗುಟ್ಟಿದವು. ಮುಚ್ಚಿದವುಗಳಲ್ಲಿ ಮಾಂಸ ಕರಗಿ ನೀರಾಯಿತೇ ಹೊರತು ಏನೂ ಏಳಲಿಲ್ಲ.

"ಹಿಂಗೆ ಉಸಿರು ಕಟ್ಟಿಸಿ ಇಟ್ರೆ ಏನ್ ಹುಟ್ಟುತ್ತೆ?" ಎಂದು ವೈದ್ಯ ಮತ್ತೆ ನೋಡಲು ಬಂದಾಗ ಕೇಳಿದಳು. "ಗಾಳಿ ಬೇಡ್ವಾ ದೊತ್ತೋರೆ?"

"ಅದೇ ಮಾತನ್ನ ದೊಡ್ಡೋರಿಗೂ ಯಾರೋ ಕೇಳಿದ್ರಂತೆ. ಗಾಳಿ ಹೋಗ್ಬೇಕು, ನೊಣ ಹೋಗ್ಬಾರ್ದು. ಅಂಥ ತೆಳ್ಳನೆ ಬಟ್ಟೆ ತರಿಸ್ಬೇಕು."

ಬ್ರಿಜಿದಾ ಒಳಗೆ ಹೋಗಿ ಪೆಟ್ಟಿಗೆ ತೆಗೆದಳು. ಮದುವೆಯ ದಿನ ತಲೆಗೆ ಹೊದ್ದ ಮುಸುಕು ಅದರಲ್ಲಿತ್ತು. ಅವಳ ತಾಯಿಯ ಮನೆಯ ಹುಳುವಿನ ನೂಲು. ಮುಖಕ್ಕೆ ಹಿಡಿದರೆ ಆಚೆಯದು ಕಾಣುತ್ತಿತ್ತು. ವೈದ್ಯ ಕತ್ತರಿ ಹಿಡಿದು ಅನುಮಾನಿಸಿದ. ಅವಳೇ ಕತ್ತರಿ ತೆಗೆದುಕೊಂಡು ತುಂಡು ಮಾಡಿ ಕೊಟ್ಟಳು. ಹೊಸ ಮಾಂಸ ಹಾಕಿ, ಮುಸುಕು ಬಿಗಿದು, ಸಂತ ಜೊವಾನ್ನಿಯ ಹೊತ್ತಿಗೆ ಬರುತ್ತೇನೆಂದು ಹೇಳಿ ವೈದ್ಯ ಹೋದ.

ಗಾಳಿ ಹೋಗುತ್ತಿದ್ದರೂ ಮುಸುಕಿನ ಜಾಡಿಗಳಲ್ಲಿ ಹುಳ ಏಳಲಿಲ್ಲ. ಬ್ರಿಜಿದಾ ಬೆಳಿಗ್ಗೆ ಎದ್ದು ಹುಳ ಬರಲಪ್ಪಾ ಎಂದು ಬೇಡುತ್ತಿದ್ದಳು. ಮಾರ್ತಿನೊ ಕೈ ನೆಕ್ಕಿದಾಗ ಬಾರದಿರಲಪ್ಪಾ ಎಂದು ಬೇಡುತ್ತಿದ್ದಳು. ಯಾವ ಸಂತನಿಗೂ ಅವಳಿಗೇನು ಬೇಕೆಂದು ತಿಳಿದಿರಲಾರದು.

ಹೀಗಿರುವಾಗ ಅವಳಿಗೊಂದು ಯೋಚನೆ ಬಂತು. ನಮ್ಮೂರಿನ ಹೆಂಗಸಿಗಲ್ಲದೆ ಬೇರೆಯವರಿಗೆ ಅದು ಬರಲಾರದು. ಬಿತ್ತನೆಯನ್ನು ತಟ್ಟೆಯಲ್ಲಿ ಸುಮ್ಮನೆ ಇಟ್ಟರೆ ಒಡೆಯುತ್ತದೆಯೇ? ಎದೆಯ ಬಿಸಿ ಬೇಕು. ಜಾಡಿಗಳಿಗೆ ಯಾರು ಬಿಸಿ ಕೊಟ್ಟಿದ್ದಾರೆ? ಕೊಟ್ಟಿಗೆಯ ತಣ್ಣನೆ ನೆಲದ ಮೇಲೆ ಇಟ್ಟು ಹುಟ್ಟು ಎಂದರೆ ಏನು ತಾನೆ ಹುಟ್ಟೀತು?

ಕರುವಿನ ಮಾಂಸವಿದ್ದ ಮುಸುಕಿನ ಜಾಡಿಯನ್ನು ಅವಳು ಮಡಿಲಿಗೆ ತೆಗೆದುಕೊಂಡಳು. ಹೊಟ್ಟೆಗೆ ಒತ್ತಿ, ಜಾಡಿಯ ಬಾಯಿಯ ಕಡೆ ಗಾಳಿಗೆ ಸ್ವಲ್ಪ ಸಂದು ಬಿಟ್ಟು, ಮೇಲೆ ಅಡುಗೆ ಮಾಡುವಾಗ ಸೊಂಟಕ್ಕೆ ಕಟ್ಟುವ ಮುಂಗವುಸು ಕಟ್ಟಿ, ಸೊಂಟದ ಸುತ್ತ ಶಾಲು ಬಿಗಿದಳು. ನಾತಕ್ಕೆ ಮೂಗಿನಲ್ಲಿ ರೋಸ್‌ಮರಿ ಎಲೆ ತುರುಕಿಕೊಂಡಳು. ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಿಸಿಲು ಬಿದ್ದ ಹೊಸ್ತಿಲ ಮೇಲೆ ಕೂತು ನೂಲುತ್ತಿದ್ದಳು; ಏಳುವಾಗ ಎರಡು ಕೈಯಲ್ಲೂ ಹೊಟ್ಟೆ ಹಿಡಿದು ಏಳುತ್ತಿದ್ದಳು. ಚೀಲ ಹೊತ್ತಾಗ ಇದ್ದ ಎಚ್ಚರವೆಲ್ಲ ಇದಕ್ಕೂ ಇತ್ತು. ಓಡಲಿಲ್ಲ, ಭಾರ ಎತ್ತಲಿಲ್ಲ. ಮಲಗುವಾಗ ಅಂಗಾತ ಮಲಗಿದಳು. ವ್ಯತ್ಯಾಸ ಒಂದೇ. ಹೇಗಿದ್ದೀಯ ಎಂದು ಕೇಳುವವರು ಯಾರೂ ಬರಲಿಲ್ಲ.

ಒಂದು ದಿನ ಒರ್ಸೊಲಾ ಬಂದಳು, ಕರು ಎಷ್ಟು ಬೆಳೆದಿದೆ ಎಂದು ನೋಡಲು. ಹೊಸ್ತಿಲ ಮೇಲೆ ಕೂತವಳ ಉಬ್ಬಿದ ಮುಂಗವುಸು ನೋಡಿ ಅಲ್ಲೇ ನಿಂತಳು.

"ಏನೇ ಕೊಮಾರೆ, ಈ ವಯಸ್ಸಲ್ಲಿ ಬಸ್ರಾ? ಗಂಡ ಸುಣ್ಣದ ಗೂಡಿಂದ ಎದ್ದು ಬಂದಿದ್ನಾ?"

ಬ್ರಿಜಿದಾ ತಕಲಿ ತಿರುಗಿಸುತ್ತಲೇ ಇದ್ದಳು.

"ಇಲ್ಲಾ ಆ ದೊತ್ತೋರು ಏನಾದ್ರೂ ಔಷಧಿ ಕೊಟ್ನಾ? ಥೂ, ಏನ್ ನಾತ ಇದು! ನಿನ್ನ ಹೊಟ್ಟೇಲಿರೋದು ಹುಟ್ಟೋ ಮುಂಚೇನೇ ಕೊಳೆತು ಹೋಗಿದೆ ಕಣೇ!"

ಒರ್ಸೊಲಾ ಶಾಲಿನ ತುದಿಯಿಂದ ಮೂಗು ಮುಚ್ಚಿಕೊಂಡು ನಗುತ್ತಾ ಹೋದಳು. ಮಾತಿಗೆ ಮಾತು ಬಾರದಿದ್ದಾಗ ನಗು ಹೊಸ್ತಿಲಲ್ಲೇ ಉಳಿದುಬಿಡುತ್ತದೆ ಎಂದು ಬ್ರಿಜಿದಾ ನನಗೆ ಹೇಳಿದ್ದಾಳೆ. ಅವಳು ಒಳಗೆ ಹೋಗಿ ಮಾರ್ತಿನೊನ ಕುತ್ತಿಗೆಗೆ ಹಣೆ ಒತ್ತಿ ನಿಂತಳು. ನಡುವೆ ಜಾಡಿ ಇತ್ತು. ಕರು ಅದನ್ನೂ ಮೂಸಿ, ತುಸು ಹಿಂದೆ ಸರಿದು, ಮತ್ತೆ ಅವಳ ಕೈ ನೆಕ್ಕಿತು.

ಹಬ್ಬ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಶಾಲು ಸಡಿಲಿಸಿ ನೋಡಿದಳು. ಮುಸುಕಿನ ಮೇಲೆ ಬಿಳಿಯದೇನೋ ಅಲುಗುತ್ತಿತ್ತು. ಹುಳ! ಅವಳ ಮಡಿಲ ಬಿಸಿಗೆ ಎದ್ದ ಹುಳ. ಅಳಬೇಕೋ ನಗಬೇಕೋ ತಿಳಿಯದೆ, ಕೊಟ್ಟಿಗೆಯ ಕಡೆ ನೋಡುವ ಧೈರ್ಯವೂ ಇಲ್ಲದೆ ಹೊಸ್ತಿಲ ಮೇಲೇ ಕೂತಿದ್ದಳು. ಅಷ್ಟರಲ್ಲಿ ದಾರಿಯಲ್ಲಿ ಹೇಸರಗತ್ತೆಯ ಗೊರಸಿನ ಸದ್ದು ಕೇಳಿತು. ವೈದ್ಯ ಹೇಳಿದ ಹೊತ್ತಿಗೆ ಬಂದಿದ್ದ.

"ಬಂತು ದೊತ್ತೋರೆ," ಎಂದು ಮಡಿಲು ಬಿಚ್ಚಿದಳು. "ಬಿಸಿ ಸಾಲ್ದೇ ಇತ್ತು. ನಾನು ಬಿಸಿ ಕೊಟ್ಟೆ, ಬಂತು."

ವೈದ್ಯ ಜಾಡಿಯನ್ನು ನೋಡಿದ, ಅವಳನ್ನು ನೋಡಿದ. ನಗಲಿಲ್ಲ. ಹೊಸ್ತಿಲ ಮೇಲೆ ಅವಳ ಪಕ್ಕದಲ್ಲೇ ಕೂತು, ದಾರ ಬಿಚ್ಚಿ, ಮುಸುಕಿನ ತುಂಡನ್ನು ಮೆಲ್ಲಗೆ ಎತ್ತಿ ಬಿಸಿಲಿಗೆ ಹಿಡಿದ. ಹುಳವೆಲ್ಲ ಬಟ್ಟೆಯ ಮೇಲ್ಮೈಯಲ್ಲಿತ್ತು. ಒಳಮೈಯಲ್ಲಿ ಒಂದೂ ಇಲ್ಲ. ಜಾಡಿಯ ಗೋಡೆಯಲ್ಲಿ, ಮಾಂಸದಲ್ಲಿ ಹುಡುಕಿದರು, ಅಲ್ಲೂ ಇಲ್ಲ.

"ನೀವು ಬಿಟ್ಟ ಸಂದೀಲಿ ನೊಣ ಬಂದಿದೆ, ಮೊನ್ನಾ. ಒಳಗೆ ಹೋಗೋಕಾಗಿಲ್ಲ. ಬಟ್ಟೆ ಮೇಲೇ ಇಟ್ಟು ಹೋಗಿದೆ, ನೋಡಿ ಇಲ್ಲಿ."

ನೇಯ್ಗೆಯ ಸಂದುಗಳಲ್ಲಿ ಇನ್ನೂ ಒಡೆಯದ ಬಿಳಿ ಕಡ್ಡಿಯಂಥ ಮೊಟ್ಟೆಗಳಿದ್ದವು. ಪಕ್ಕದಲ್ಲಿ ಒಡೆದವುಗಳ ಸಿಪ್ಪೆ. ಹೊರಬಂದ ಮರಿಗಳು ಮಾಂಸದ ವಾಸನೆಗೆ ಬಟ್ಟೆಯ ಎಳೆಗಳ ನಡುವೆ ತಲೆ ತೂರಿಸಲು ಹೆಣಗುತ್ತಿದ್ದವು. ಬ್ರಿಜಿದಾ ಬಗ್ಗಿ ನೋಡಿದಳು.

"ಬಿತ್ತನೆ," ಎಂದಳು.

"ಬಿತ್ತನೆ," ಎಂದ ವೈದ್ಯ. "ತಾಯಿ ಇಲ್ದೆ ಯಾವ್ದೂ ಹುಟ್ಟಲ್ಲ, ಮೊನ್ನಾ. ನೊಣವೂ ಹುಟ್ಟಲ್ಲ."

ಆಮೇಲೆ ಅವನು ಉಳಿದ ಜಾಡಿಗಳನ್ನೂ ನೋಡಿ, ಒಳಗಿನದನ್ನು ಹೊಳೆಯ ದಡದಲ್ಲಿ ಹೂಳಿಸಿ, ತೊಳೆದು ಬುಟ್ಟಿಗೆ ಹಾಕಿಕೊಂಡ. ಮಡಿಲ ಜಾಡಿಯನ್ನು ಮಾತ್ರ ಬಿಟ್ಟು ಹೋಗಿ ಎಂದು ಅವಳು ಕೇಳಿದಳು. "ಇಟ್ಕೊಳ್ಳಿ," ಎಂದು ಹುಳ, ಮೊಟ್ಟೆ ಒರೆಸಿ ಮುಸುಕು ಮತ್ತೆ ಬಿಗಿದು ಕೊಟ್ಟು ಹೇಸರಗತ್ತೆ ಹತ್ತಿದ. ನಮ್ಮೂರಿಗೆ ಅವನು ಮತ್ತೆ ಬರಲಿಲ್ಲ. ಲಿವೊರ್ನೊಗೆ ಹೋಗಿ ನೆಲೆಸಿದನೆಂದು ಕೇಳಿದ್ದೇವೆ.

ಹಬ್ಬದ ಬೆಳಿಗ್ಗೆ ಪೂಜೆ ಮುಗಿಸಿಕೊಂಡು ತಾದ್ದೆಯೊ ಕತ್ತಿ ಹಿಡಿದು ಬಂದ. ಹಿಂದೆ ಒರ್ಸೊಲಾ, ಒರ್ಸೊಲಾಳ ಹಿಂದೆ ಊರು. ಬ್ರಿಜಿದಾ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಕೊಡಲ್ಲ. ಕೊಂದ್ರೂ ಹುಳ ಬರಲ್ಲ."

"ಕೇಳ್ರಪ್ಪಾ!" ಎಂದಳು ಒರ್ಸೊಲಾ. "ನಮ್ಮ ಹುಳ ಕೊಲ್ಲೋವಾಗ ಇಲ್ದಿದ್ದ ಕರುಳು ಕರು ಮೇಲೆ ಬಂತು. ಬರಲ್ಲ ಅಂತ ನಿಂಗೆ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ. ಮಡ್ಲಲ್ಲಿ ಇಟ್ಕೊಂಡು ನೋಡಿದೀನಿ."

ಕಿಟಕಿಯ ಮೇಲಿದ್ದ ಜಾಡಿಯನ್ನು ತಂದು ತೋರಿಸಿದಳು. ಮಾಂಸ ಹಾಗೆಯೇ ಇತ್ತು, ಕಪ್ಪಾಗಿ ಕರಗಿ, ಹುಳವಿಲ್ಲದೆ. ಬಾಯಿಗೆ ಮುಸುಕು. "ಇಷ್ಟು ದಿನ ಹೊಟ್ಟೆಗೆ ಕಟ್ಕೊಂಡಿದ್ದೆ. ನಿಮ್ಮ ಚೀಲ ಕಟ್ಕೊಂಡ ಹಾಗೇ. ಮಾಂಸಕ್ಕೆ ತಾನಾಗಿ ಹುಟ್ಸೋ ಶಕ್ತಿ ಇದ್ದಿದ್ರೆ ಹುಟ್ಟೋದು. ಇಲ್ಲ."

ಒರ್ಸೊಲಾ ಜಾಡಿಯನ್ನು ನೋಡಿದಳು, ಆಮೇಲೆ ಬ್ರಿಜಿದಾಳ ಮುಂಗವುಸನ್ನು ನೋಡಿದಳು. ಆ ದಿನ ಹೊಸ್ತಿಲಲ್ಲಿ ತಾನು ನಕ್ಕದ್ದು ಯಾವುದಕ್ಕೆಂದು ಅವಳಿಗೆ ಆಗ ತಿಳಿಯಿತು. ಒರ್ಸೊಲಾ ಅಜ್ಜಿ ಈ ಕತೆಯಲ್ಲಿ ಇಲ್ಲಿಗೆ ಬಂದಾಗಲೆಲ್ಲ ಎದ್ದು ಒಲೆಯ ಸೌದೆ ಸರಿಮಾಡಲು ಹೋಗುತ್ತಾಳೆ.

"ಹಂಗಾದ್ರೆ ನಮ್ಗೆ ಹುಳ?" ಎಂದಳು ಒರ್ಸೊಲಾ, ದನಿ ತಗ್ಗಿಸಿ.

"ತಂದ್ಕೊಡ್ತೀನಿ."

ಬ್ರಿಜಿದಾ ಅಂದೇ ಮಾರ್ತಿನೊನ ಕೊರಳಿಗೆ ಹಗ್ಗ ಹಾಕಿ ಗುಡ್ಡದ ದಾರಿ ಹಿಡಿದಳು. ಮೇಲೆ ಕಸ್ತಾನ್ಯ ಕಾಡಿನಾಚೆಯ ಊರಿನಲ್ಲಿ ಚಳಿ ಹೆಚ್ಚು, ಹಿಪ್ಪುನೇರಳೆ ತಡವಾಗಿ ಚಿಗುರುತ್ತದೆ. ಅಲ್ಲಿ ಹುಳು ಆಗಷ್ಟೇ ಗೂಡು ಕಟ್ಟಿ ಚಿಟ್ಟೆ ಹೊರಬೀಳುವ ಹೊತ್ತು. ಕಡಿದಾದ ಕಡೆ ಕರು ನಿಂತುಬಿಡುತ್ತಿತ್ತು. ಅವಳು ಮುಂದೆ ಹೋಗಿ ಕೈ ಚಾಚುತ್ತಿದ್ದಳು, ಕೈ ನೆಕ್ಕಲು ಅದು ನಡೆದು ಬರುತ್ತಿತ್ತು. ಬೆಟ್ಟವನ್ನೆಲ್ಲ ಹಾಗೆಯೇ ಹತ್ತಿಸಿದಳು.

ಗುಡ್ಡದೂರಿನ ಮೊನ್ನಾ ಸಾಂತಾ ಎಂಬವಳ ಮನೆಯಲ್ಲಿ ಗೋಡೆಗೆ ತೂಗುಬಿಟ್ಟ ಬಟ್ಟೆಯ ಮೇಲೆ ಚಿಟ್ಟೆಗಳು ರೆಕ್ಕೆ ಪಟಪಟಿಸುತ್ತಾ ಮೊಟ್ಟೆ ಇಡುತ್ತಿದ್ದವು. ಬ್ರಿಜಿದಾ ಕೇಳಿದ್ದನ್ನು ಕೇಳಿ ಸಾಂತಾ ಕರುವಿನ ಬೆನ್ನು ತಡವಿದಳು.

"ಒಂದ್ ಬಟ್ಟೆ ಬಿತ್ತನೆಗೆ ಇಡೀ ಕರುನಾ? ಬುದ್ಧಿ ನೆಟ್ಟಗಿದ್ಯಾ ತಾಯಿ? ಇದರ ಮಾಂಸಾನೇ ಎಷ್ಟಾಗುತ್ತೆ!"

"ಮಾಂಸಕ್ಕಲ್ಲ. ಕಡಿಯಲ್ಲ ಅಂತ ಮಾತು ಕೊಟ್ರೆ ಮಾತ್ರ ಕೊಡೋದು."

ಸಾಂತಾ ಅವಳ ಮುಖ ನೋಡಿದಳು. "ನಮ್ಮ ಒಂದು ಎತ್ತಿಗೆ ವಯಸ್ಸಾಗಿದೆ. ಇವನನ್ನ ಎತ್ತು ಮಾಡ್ಕೋತೀವಿ. ಹೆಸ್ರೇನು?"

"ಮಾರ್ತಿನೊ. ಕೈ ಕೊಟ್ರೆ ಮಾತ್ರ ಬರ್ತಾನೆ, ಹಗ್ಗ ಎಳೆದ್ರೆ ಬರಲ್ಲ."

ಬಟ್ಟೆಯನ್ನು ಸುರುಳಿ ಸುತ್ತಿ ಎದೆಗೆ ಕಟ್ಟಿಕೊಳ್ಳಲು ಹೋದವಳು, ಬೇಸಿಗೆಯಲ್ಲಿ ಬಿಸಿ ಕೊಡಬಾರದೆಂದು ನೆನಪಾಗಿ, ಕೋಲಿನ ತುದಿಗೆ ಸಡಿಲವಾಗಿ ಕಟ್ಟಿ ಮೈಯಿಂದ ದೂರ ಹಿಡಿದು ಇಳಿದಳು. ಕಾಡು ಮುಗಿಯುವವರೆಗೂ ಹಿಂದಿನಿಂದ ಕರು ಕೂಗುವುದು ಕೇಳುತ್ತಿತ್ತು. ಅವಳು ತಿರುಗಲಿಲ್ಲ. ತಿರುಗಿದರೆ ಕೈ ಚಾಚಿಬಿಡುತ್ತೇನೆಂದು ಹೆದರಿದೆ ಎಂದು ನನಗೆ ಹೇಳಿದಳು.

ಊರಿನವರು ಬಟ್ಟೆಯನ್ನು ಚರ್ಚಿನ ಮೆಟ್ಟಿಲ ಮೇಲೆ ಹರಡಿ ಮನೆಗೊಂದು ತುಂಡು ಕತ್ತರಿಸಿಕೊಂಡರು. ಪರವೂರಿನ ಬಿತ್ತನೆ ಎಂದು ಯಾರೂ ಈಗ ಅನ್ನಲಿಲ್ಲ. "ದೇವ್ರು ಒಳ್ಳೇದ್ ಮಾಡ್ಲಿ," ಎಂದರು, ಮನಸ್ಸಿನಿಂದಲೇ ಅಂದರು.

ಮುಂದಿನ ವಸಂತದಲ್ಲಿ ಬ್ರಿಜಿದಾ ಮನೆ ಗುಡಿಸಿ, ರವಿಕೆ ಒಗೆದು, ಬಾಗಿಲು ತೆರೆದು ಕೂತಳು. ಯಾರೂ ಬರಲಿಲ್ಲ. ಒಬ್ಬರ ಎದೆಗೇ ಎಲ್ಲವನ್ನೂ ಕಟ್ಟಬಾರದೆಂದು ಊರು ಕಲಿತಿತ್ತು. ಕೂಸಿದ್ದವರು ಅತ್ತೆಗೆ ಕಟ್ಟಿದರು, ಅತ್ತೆಯಿಲ್ಲದವರು ಮಗಳಿಗೆ ಕಟ್ಟಿದರು. ಹೊಳೆಗೆ ಹೋಗುವವರು ಎದೆ ಹಿಡಿದುಕೊಂಡು ಮೆಲ್ಲಗೆ ಅವಳ ಬಾಗಿಲ ಮುಂದೆಯೇ ಹಾದು ಹೋದರು. ಯಾರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ. ಅವಳಲ್ಲಿ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ, ಅಷ್ಟೇ. ಹುಳು ಚೆನ್ನಾಗಿ ಬಂದವು. ಈಗಲೂ ನಮ್ಮೂರಿನ ಹುಳುವೆಲ್ಲ ಆ ಬಟ್ಟೆಯ ವಂಶವೇ.

ಈಗ ಅವಳಿಗೆ ಕಣ್ಣು ಮಂಜು. ಜಾಡಿಯಲ್ಲಿ ಉಪ್ಪು ತುಂಬಿಟ್ಟಿದ್ದಾಳೆ, ಬಾಯಿಗೆ ಅದೇ ಮುಸುಕಿನ ಹಳದಿಯಾದ ತುಂಡು. ಹೆಚ್ಚು ಮಾತು ಬಾರದ ನಾನು ಅವಳ ಬಳಿ ಹೋಗಿ ಕೂತರೆ ಅವಳೇ ಮಾತಾಡುತ್ತಾಳೆ. ಎತ್ತು ಸತ್ತು ಎಷ್ಟೋ ವರ್ಷವಾಯಿತಂತೆ. ಮುದಿಯಾಗಿಯೇ ಸತ್ತಿತು ಎಂದು ಗುಡ್ಡದವರು ಹೇಳಿ ಕಳಿಸಿದ್ದರಂತೆ.

ಹಿಪ್ಪುನೇರಳೆ ಮೊಗ್ಗು ದಪ್ಪವಾಗುತ್ತಿದೆ. ನಮ್ಮ ಮನೆಯ ಬಿತ್ತನೆಯನ್ನು ಈ ಸಲ ನಾನು ಕಟ್ಟಿಕೊಳ್ಳಬೇಕೆಂದು ಅಮ್ಮ ಹೇಳಿದ್ದಾಳೆ. ಅದರಲ್ಲಿ ಅರ್ಧವನ್ನು ಬೇರೆ ಚೀಲಕ್ಕೆ ಹಾಕಿ, ಕೆಂಪು ದಾರದಲ್ಲಿ ಹೊಲಿದಿದ್ದೇನೆ. ನಾಳೆ ಬೆಳಿಗ್ಗೆ ಅದನ್ನು ಬ್ರಿಜಿದಾಳ ಎದೆಗೆ ಕಟ್ಟಿ ಬರುತ್ತೇನೆ. ಆಮೇಲೆ ದಿನವೂ ಹೋಗಿ ಹೇಗಿದ್ದೀಯ ಎಂದು ಕೇಳುತ್ತೇನೆ.